ಸಂಶೋಧನೆಯ ಬಾಗಿಲು: ಮುಚ್ಚಿದವರು ಮತ್ತು ತಟ್ಟದವರು

2022ರ ಡಿಸೆಂಬರ್ 8ರಂದು ಲೋಕಸಭೆಯಲ್ಲಿ ಕೇಳಲಾದ ಪ್ರಶ್ನೆಯೊಂದಕ್ಕೆ ಅಂದಿನ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವೆ ಸ್ಮೃತಿ ಇರಾನಿಯವರು ಲಿಖಿತ ಉತ್ತರ ನೀಡಿದರು. ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಇತರ ಹಲವು ಫೆಲೋಶಿಪ್‌ಗಳೊಂದಿಗೆ ಅತಿವ್ಯಾಪಿಸುತ್ತಿರುವುದರಿಂದ 2022-23ನೇ ಸಾಲಿನಿಂದ ಅದನ್ನು ನಿಲ್ಲಿಸಲಾಗುತ್ತಿದೆ ಎಂಬುದೇ ಆ ಉತ್ತರದ ಸಾರವಾಗಿತ್ತು. ಸಾಚಾರ್ ಸಮಿತಿಯ ವರದಿಯ ಬಳಿಕ 2009ರಲ್ಲಿ ಹುಟ್ಟಿಕೊಂಡ ಯೋಜನೆಯೊಂದು ಹೀಗೆ ಒಂದೇ ವಾಕ್ಯದಲ್ಲಿ ಮುಗಿದುಹೋಯಿತು. ಕೆಲವು ದಿನ ಪ್ರತಿಭಟನೆಗಳು ನಡೆದವು, ಸಂಸದರು ಪತ್ರ ಬರೆದರು, ಪತ್ರಿಕೆಗಳು ಸಂಪಾದಕೀಯ ಬರೆದವು. ಆ ಬಳಿಕ ಎಲ್ಲರೂ ಮರೆತರು. ಮರೆಯಲು ಸಾಧ್ಯವಾಗದವರು, ಆ ಹಣದ ಮೇಲೆ ತಮ್ಮ ಐದು ವರ್ಷಗಳ ಲೆಕ್ಕ ಹಾಕಿಟ್ಟಿದ್ದ ವಿದ್ಯಾರ್ಥಿಗಳು ಮಾತ್ರ.

ಈ ಫೆಲೋಶಿಪ್‌ನ ಬಗ್ಗೆ ನಡೆದ ಚರ್ಚೆಯಲ್ಲಿ ಹೆಚ್ಚಾಗಿ ಕೇಳಿಬಂದದ್ದು ರಾಜಕೀಯ. ತುಷ್ಟೀಕರಣವೇ, ತಾರತಮ್ಯವೇ ಎಂಬ ಹಳೆಯ ಜಗಳ. ಆದರೆ ಆ ಹಣ ಏನು ಮಾಡುತ್ತಿತ್ತು, ಅದಿಲ್ಲದಾಗ ಯಾವ ವಿಷಯದ ಅಧ್ಯಯನ ಮೊದಲು ಬಡವಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರವನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ನಾವಿಲ್ಲಿ ಕೇಳಬಯಸುತ್ತೇವೆ. ಯಾಕೆಂದರೆ, ತಕ್ಷಣದ ಲಾಭವನ್ನು ತೋರಿಸಲಾಗದ ವಿದ್ಯೆಗಳೇ ಫೆಲೋಶಿಪ್‌ನ ಅತಿದೊಡ್ಡ ಫಲಾನುಭವಿಗಳು. ಅದು ನಿಂತಾಗ ಮೊದಲು ಸೊರಗುವವೂ ಅವೇ.

ಮೊದಲು ಸರಕಾರದ ವಾದವನ್ನು ನೋಡೋಣ. ಫೆಲೋಶಿಪ್‌ಗಳು ಅತಿವ್ಯಾಪಿಸುತ್ತಿವೆ ಎಂಬುದರಲ್ಲಿ ಸ್ವಲ್ಪ ಸತ್ಯವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ನೆಟ್ ಪರೀಕ್ಷೆಯ ಮೂಲಕ ಸಿಗುವ ಜೆಆರ್‌ಎಫ್ ಎಲ್ಲರಿಗೂ ತೆರೆದಿದೆ. ಹಿಂದುಳಿದ ವರ್ಗಗಳ ರಾಷ್ಟ್ರೀಯ ಫೆಲೋಶಿಪ್‌ಗೆ ಆ ಪಟ್ಟಿಯಲ್ಲಿರುವ ಮುಸ್ಲಿಮರೂ ಅರ್ಜಿ ಹಾಕಬಹುದು. ಆದರೆ ಒಬ್ಬ ವಿದ್ಯಾರ್ಥಿ ಏಕಕಾಲದಲ್ಲಿ ಎರಡು ಫೆಲೋಶಿಪ್ ಪಡೆಯುವುದನ್ನು ನಿಯಮ ಮೊದಲೇ ನಿಷೇಧಿಸಿತ್ತು. ಹಾಗಿರುವಾಗ, ಅತಿವ್ಯಾಪನೆಯಿಂದ ಬೊಕ್ಕಸಕ್ಕೆ ಆದ ನಷ್ಟವಾದರೂ ಏನು? ಇಷ್ಟಕ್ಕೂ ಪ್ರತಿ ಫೆಲೋಶಿಪ್‌ಗೂ ಸ್ಥಾನಗಳ ಮಿತಿ ಇದೆ. ವರ್ಷಕ್ಕೆ 756ರಿಂದ ಆರಂಭವಾಗಿ ಬಳಿಕ 1,000ಕ್ಕೇರಿದ್ದ ಆಝಾದ್ ಫೆಲೋಶಿಪ್‌ನ ಸ್ಥಾನಗಳನ್ನು ಅಳಿಸಿ, ಅಷ್ಟೇ ಸ್ಥಾನಗಳನ್ನು ಬೇರೆ ಕಡೆ ಸೇರಿಸಿದ್ದರೆ ಸರಕಾರದ ವಾದಕ್ಕೆ ಬೆಲೆ ಬರುತ್ತಿತ್ತು. ಒಂದು ಬಾಗಿಲನ್ನು ಮುಚ್ಚಿ, ಪಕ್ಕದ ಬಾಗಿಲನ್ನು ಅಗಲಿಸದೆ, ಒಳಗೆ ಬರಲು ದಾರಿ ಇದೆಯಲ್ಲ ಎನ್ನುವುದು ಉತ್ತರವಲ್ಲ.

ಇದು ಅರ್ಹತೆಯಿಲ್ಲದವರಿಗೆ ಹಂಚಿದ ಹಣವೆಂಬ ಮಾತೂ ಕೇಳಿಬಂತು. ಅದೂ ಸರಿಯಲ್ಲ. 2019-20ರಿಂದ ಈ ಫೆಲೋಶಿಪ್‌ಗೆ ನೆಟ್ ತೇರ್ಗಡೆ ಕಡ್ಡಾಯವಾಗಿತ್ತು. ಇದು ಮುಸ್ಲಿಮರಿಗೆ ಮಾತ್ರ ಸೀಮಿತವಾದ ಯೋಜನೆಯೂ ಆಗಿರಲಿಲ್ಲ. ಕ್ರೈಸ್ತರು, ಸಿಖ್ಖರು, ಬೌದ್ಧರು, ಜೈನರು, ಪಾರ್ಸಿಗಳು ಸೇರಿ ಆರು ಸಮುದಾಯಗಳಿಗೆ ಅದು ಸೇರಿತ್ತು, ಶೇ. 30ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. 2014-15ರಿಂದ 2021-22ರ ವರೆಗೆ 6,722 ಮಂದಿ ಆಯ್ಕೆಯಾಗಿದ್ದಾರೆ, 738.85 ಕೋಟಿ ರೂ. ವಿತರಣೆಯಾಗಿದೆ ಎಂದು ಸರಕಾರವೇ ಸಂಸತ್ತಿಗೆ ತಿಳಿಸಿತ್ತು. ಅಂದರೆ ವರ್ಷಕ್ಕೆ ಸರಾಸರಿ 92 ಕೋಟಿ. 2022-23ರ ಕೇಂದ್ರ ಬಜೆಟಿನ ಗಾತ್ರ 39 ಲಕ್ಷ ಕೋಟಿಗೂ ಮಿಕ್ಕಿತ್ತು. ಹಾಗಾದರೆ, ಕೇಂದ್ರವು ಖರ್ಚು ಮಾಡುವ ಪ್ರತಿ ಒಂದು ಲಕ್ಷ ರೂಪಾಯಿಯಲ್ಲಿ ಎರಡೂವರೆ ರೂಪಾಯಿಗೂ ಕಡಿಮೆ ಹಣ ಈ ಯೋಜನೆಗೆ ಹೋಗುತ್ತಿತ್ತು. ಅಷ್ಟನ್ನು ಉಳಿಸಿ ದೇಶ ಗಳಿಸಿದ್ದಾದರೂ ಏನು?

ಈಗ ಭೌತಶಾಸ್ತ್ರದ ವಿಷಯಕ್ಕೆ ಬರೋಣ. ಎಂಎಸ್ಸಿ ಮುಗಿಸಿದ ಹುಡುಗಿಯೊಬ್ಬಳು ನಕ್ಷತ್ರಗಳ ರಚನೆಯ ಬಗ್ಗೆ ಸಂಶೋಧನೆ ಮಾಡಬಯಸುತ್ತಾಳೆ ಎಂದಿಟ್ಟುಕೊಳ್ಳಿ. ಅವಳ ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಮುಂದಿನ ಒಂದೆರಡು ವರ್ಷ ಪಾಠ, ಗಣಿತ, ಕಂಪ್ಯೂಟರ್ ಲೆಕ್ಕಾಚಾರಗಳಲ್ಲಿ ಕಳೆಯುತ್ತದೆ. ಬಳಿಕ ದೂರದರ್ಶಕದ ಸಮಯಕ್ಕಾಗಿ ಅರ್ಜಿ, ಮೋಡ ಕವಿದ ರಾತ್ರಿಗಳು, ಹೊಂದಿಕೆಯಾಗದ ದತ್ತಾಂಶಗಳು. ಮೊದಲ ಪ್ರಬಂಧ ಪ್ರಕಟವಾಗಲು ಮೂರು ವರ್ಷ ಹಿಡಿಯಬಹುದು, ಪದವಿಗೆ ಐದಾರು ವರ್ಷ. ಈ ಅವಧಿಯಲ್ಲಿ ಆಕೆಯ ಓರಗೆಯವರು ಕಂಪೆನಿಗಳಲ್ಲಿ ಸಂಬಳ ಎಣಿಸುತ್ತಿರುತ್ತಾರೆ. ಮನೆಯಲ್ಲಿ ಮದುವೆಯ ಮಾತು, ತಮ್ಮನ ಕಾಲೇಜು ಶುಲ್ಕ, ತಂದೆಯ ಸಾಲ. ಇಂಥ ಮನೆಯಲ್ಲಿ, ಇನ್ನೂ ಐದು ವರ್ಷ ಓದುತ್ತೇನೆ ಎಂದು ಹೇಳಲು ಒಂದು ಆಧಾರ ಬೇಕು. ಫೆಲೋಶಿಪ್ ಎಂಬುದು ಆ ಆಧಾರ. 2023ರ ಜನವರಿಯಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000 ರೂ., ಎರಡು ವರ್ಷಗಳ ಬಳಿಕ 42,000 ರೂ. ಇದು ಶ್ರೀಮಂತಿಕೆಯಲ್ಲ, ಆದರೆ, ಮನೆಗೆ ಭಾರವಾಗುವುದಿಲ್ಲ ಎಂದು ಮಗಳು ತಂದೆಯ ಮುಖ ನೋಡಿ ಹೇಳಲು ಸಾಕಾಗುವ ಹಣ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆಗಳಲ್ಲಿ ಪಿಎಚ್‌ಡಿಗೆ ಪ್ರವೇಶ ಪಡೆದವರಿಗೆ ಸಾಮಾನ್ಯವಾಗಿ ಶಿಷ್ಯವೇತನವೂ ಜೊತೆಗೇ ಸಿಗುತ್ತದೆ. ಅಲ್ಲಿ ಯಾರೂ ಧರ್ಮ ಕೇಳುವುದಿಲ್ಲ. ಸಮಸ್ಯೆ ಇರುವುದು ಆ ಗೇಟಿನ ಒಳಗಲ್ಲ, ಹೊರಗೆ. ಧಾರವಾಡ, ಕಲಬುರಗಿ, ಮಂಗಳೂರು, ಶಿವಮೊಗ್ಗಗಳ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಗೆ ಸೇರುವ ವಿದ್ಯಾರ್ಥಿಗೆ ಜೆಆರ್‌ಎಫ್ ಸಿಗದಿದ್ದರೆ ಆಸರೆ ಬಹಳ ಕಡಿಮೆ. ನೆಟ್ ಇಲ್ಲದವರಿಗೆ ಆಯೋಗ ನೀಡುವ ತಿಂಗಳಿಗೆ 8,000 ರೂ.ಗಳ ನೆರವು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಮಾತ್ರ. 2015ರಲ್ಲಿ ಅದನ್ನೂ ನಿಲ್ಲಿಸಲು ಹೊರಟಾಗ ವಿದ್ಯಾರ್ಥಿಗಳು ದಿಲ್ಲಿಯ ಆಯೋಗದ ಕಚೇರಿಯ ಮುಂದೆ ಕುಳಿತು ಅದನ್ನು ಉಳಿಸಿಕೊಂಡರು. ಸಣ್ಣ ಊರಿನ ಕಾಲೇಜಿನಿಂದ ಬಂದು, ದೊಡ್ಡ ಸಂಸ್ಥೆಯ ಪ್ರವೇಶ ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ತಪ್ಪಿ, ಆದರೂ ಸಂಶೋಧನೆಯನ್ನು ಬಿಡಲೊಲ್ಲದ ವಿದ್ಯಾರ್ಥಿಗೇ ಆಝಾದ್ ಫೆಲೋಶಿಪ್ ಅತ್ಯಗತ್ಯವಾಗಿತ್ತು. ಕರ್ನಾಟಕದ ಅಲ್ಪಸಂಖ್ಯಾತರ ಇಲಾಖೆಯೂ ಸಂಶೋಧಕರಿಗೆ ಫೆಲೋಶಿಪ್ ನೀಡುತ್ತಾ ಬಂದಿದೆ. ಆದರೆ 2022ರಲ್ಲಿ ಅದರ ಮೊತ್ತವನ್ನು ಕಡಿತಗೊಳಿಸಿದಾಗ ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು. ಅರ್ಧ ದಾರಿಯಲ್ಲಿ ಮೊತ್ತ ಬದಲಾಗುವ ಫೆಲೋಶಿಪ್ ನಂಬಿ ಯಾರು ಐದು ವರ್ಷದ ಕೆಲಸಕ್ಕೆ ಇಳಿಯುತ್ತಾರೆ?

ಫೆಲೋಶಿಪ್ ಎಂದರೆ ಹಿಂದುಳಿದವರಿಗೆ ತೋರುವ ಕರುಣೆ ಎಂದು ಭಾವಿಸಿರುವವರು ಬ್ರಿಟನ್ನಿನ ಜೋಸೆಲಿನ್ ಬೆಲ್ ಬರ್ನೆಲ್‌ರ ಕಥೆಯನ್ನು ಓದಬೇಕು. ಉತ್ತರ ಐರ್ಲೆಂಡಿನಿಂದ ಕೇಂಬ್ರಿಜ್‌ಗೆ ಬಂದ ಈ ಸಂಶೋಧನಾ ವಿದ್ಯಾರ್ಥಿನಿ, ನಾಲ್ಕೂವರೆ ಎಕ್ರೆಯಲ್ಲಿ ಹರಡಿದ್ದ ರೇಡಿಯೋ ದೂರದರ್ಶಕದ ಕಂಬಗಳನ್ನು ಇತರರೊಂದಿಗೆ ಸೇರಿ ತನ್ನ ಕೈಯಿಂದಲೇ ನೆಟ್ಟಿದ್ದರು. ಅದು ಹೊರಹಾಕುತ್ತಿದ್ದ ಕಾಗದದ ಸುರುಳಿಯನ್ನು ದಿನವೂ ಮಾರುಗಟ್ಟಲೆ ಕಣ್ಣಲ್ಲೇ ಪರಿಶೀಲಿಸುತ್ತಿದ್ದರು. 1967ರಲ್ಲಿ ಆ ಗೆರೆಗಳ ನಡುವೆ ಯಾವುದಕ್ಕೂ ಹೊಂದದ ಸಣ್ಣ ಗುರುತೊಂದು ಅವರ ಗಮನ ಸೆಳೆಯಿತು. ಸುಮಾರು 1.33 ಸೆಕೆಂಡಿಗೊಮ್ಮೆ ಮಿಡಿಯುವ ಸಂಕೇತ. ಅದೇ ಪಲ್ಸಾರ್ ಎಂಬ ಆಕಾಶಕಾಯದ ಆವಿಷ್ಕಾರ. 1974ರಲ್ಲಿ ಈ ಸಾಧನೆಗೆ ನೊಬೆಲ್ ಬಂತು. ಆದರೆ ಅದು ಹೋದದ್ದು ಅವರ ಮಾರ್ಗದರ್ಶಕ ಆಂಟನಿ ಹ್ಯೂಯಿಶ್‌ರಿಗೆ.

ಅರ್ಧ ಶತಮಾನದ ಬಳಿಕ, 2018ರಲ್ಲಿ, ಬೆಲ್ ಬರ್ನೆಲ್‌ರಿಗೆ 30 ಲಕ್ಷ ಡಾಲರ್‌ಗಳ ಬ್ರೇಕ್‌ಥ್ರೂ ವಿಶೇಷ ಪ್ರಶಸ್ತಿ ದೊರೆಯಿತು. ಅವರು ಅದರಲ್ಲಿ ಒಂದು ಪೈಸೆಯನ್ನೂ ಇಟ್ಟುಕೊಳ್ಳಲಿಲ್ಲ. ಭೌತಶಾಸ್ತ್ರದಲ್ಲಿ ಪ್ರಾತಿನಿಧ್ಯ ಕಡಿಮೆಯಿರುವವರಿಗೆ, ಅಂದರೆ ಮಹಿಳೆಯರು, ಜನಾಂಗೀಯ ಅಲ್ಪಸಂಖ್ಯಾತರು, ನಿರಾಶ್ರಿತರು ಮುಂತಾದವರಿಗೆ ಪಿಎಚ್‌ಡಿ ಮಾಡಲು ನೆರವಾಗುವ ನಿಧಿಯೊಂದಕ್ಕೆ ಅಷ್ಟನ್ನೂ ಕೊಟ್ಟುಬಿಟ್ಟರು. ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ ಅದನ್ನು ನಡೆಸುತ್ತಿದೆ. ಅವರು ನೀಡಿದ ಕಾರಣ ಮುಖ್ಯವಾದುದು. ಕೇಂಬ್ರಿಜ್‌ನಲ್ಲಿ ತಾನು ಹೊರಗಿನವಳು, ಇಲ್ಲಿಂದ ಯಾವಾಗ ಬೇಕಾದರೂ ಹೊರಹಾಕಬಹುದು ಎಂಬ ಅಳುಕು ಅವರಲ್ಲಿತ್ತು. ಆ ಅಳುಕಿನಿಂದಲೇ ಅವರು ಎಲ್ಲರಿಗಿಂತ ಹೆಚ್ಚು ಎಚ್ಚರದಿಂದ ದತ್ತಾಂಶವನ್ನು ನೋಡಿದರು. ಆದ್ದರಿಂದಲೇ ಆ ಸಣ್ಣ ಗುರುತು ಕಣ್ಣಿಗೆ ಬಿತ್ತು. ಹೊರಗಿನಿಂದ ಬಂದವರು ಒಳಗಿನವರಿಗೆ ಕಾಣದ್ದನ್ನು ಕಾಣುತ್ತಾರೆ. ಅಂದರೆ, ಅಂಥವರನ್ನು ಒಳಗೆ ಕರೆಯುವುದರಿಂದ ಲಾಭವಾಗುವುದು ಮೊದಲು ವಿಜ್ಞಾನಕ್ಕೆ. ನಮ್ಮ ನೀತಿ ನಿರೂಪಕರಿಗೆ ಅರ್ಥವಾಗದೆ ಉಳಿದಿರುವುದು ಇದೇ ಅಂಶ.

ನಮ್ಮ ಉಪಖಂಡದಲ್ಲೂ ಇದಕ್ಕೆ ಸಾಕ್ಷ್ಯವಿದೆ. 1930ರಲ್ಲಿ ಹತ್ತೊಂಬತ್ತರ ಹರೆಯದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಸರಕಾರಿ ವಿದ್ಯಾರ್ಥಿವೇತನ ಪಡೆದು ಹಡಗು ಹತ್ತಿದರು. ಆ ಪಯಣದಲ್ಲೇ ನಕ್ಷತ್ರಗಳ ಅಂತ್ಯದ ಬಗ್ಗೆ ಅವರು ಆರಂಭಿಸಿದ ಲೆಕ್ಕಾಚಾರ ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅಬ್ದುಸ್ಸಲಾಮ್‌ರ ಕಥೆಯಂತೂ ಇನ್ನೂ ಬೋಧಪ್ರದ. ಎರಡನೇ ಮಹಾಯುದ್ಧಕ್ಕೆಂದು ಪಂಜಾಬಿನಲ್ಲಿ ಸಂಗ್ರಹಿಸಿದ್ದ ನಿಧಿ ಯುದ್ಧ ಮುಗಿದಾಗ ಉಳಿದುಹೋಯಿತು. ಸಣ್ಣ ರೈತರ ಮಕ್ಕಳ ವಿದೇಶ ವ್ಯಾಸಂಗಕ್ಕೆ ಅದನ್ನು ಬಳಸಲು ಪ್ರಧಾನಿ ಖಿಝ್ರ್ ಹಯಾತ್ ತಿವಾನಾರ ಸರಕಾರ ತೀರ್ಮಾನಿಸಿತು. 1946ರಲ್ಲಿ ಆ ವಿದ್ಯಾರ್ಥಿವೇತನದಲ್ಲಿ ಸಲಾಮ್ ಕೇಂಬ್ರಿಜ್ ಸೇರಿದರು. ಜೊತೆಗೆ ಆಯ್ಕೆಯಾದ ಇತರರು ಮರುವರ್ಷ ಹೋಗಬೇಕಿತ್ತು. ಮರುವರ್ಷ ಬಂದದ್ದು ವಿಭಜನೆ. ವಿದ್ಯಾರ್ಥಿವೇತನ ಅದರೊಂದಿಗೆ ಕಣ್ಮರೆಯಾಯಿತು, ಅವರ ಅವಕಾಶವೂ ಹೋಯಿತು. ಹೋದ ಒಬ್ಬರು 1979ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. ಅದಕ್ಕೆ ಮುನ್ನವೇ, 1964ರಲ್ಲಿ, ಬಡ ದೇಶಗಳ ವಿಜ್ಞಾನಿಗಳಿಗಾಗಿ ಇಟಲಿಯ ಟ್ರಿಯೆಸ್ಟೆಯಲ್ಲಿ ಸಂಶೋಧನಾ ಕೇಂದ್ರವೊಂದನ್ನು ಕಟ್ಟಿದರು. ಹೋಗದವರು ಏನಾಗುತ್ತಿದ್ದರೆಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಫೆಲೋಶಿಪ್ ನಿಲ್ಲಿಸುವುದರಿಂದಾಗುವ ನಷ್ಟದ ಸ್ವಭಾವವೇ ಇದು. ಅದು ಯಾವ ಲೆಕ್ಕಪುಸ್ತಕದಲ್ಲೂ ಕಾಣಿಸುವುದಿಲ್ಲ.

ಆದ್ದರಿಂದ ಆಝಾದ್ ಫೆಲೋಶಿಪ್ ಮರಳಿ ಬರಬೇಕು. ಇದು ಹಕ್ಕಿನ ಬೇಡಿಕೆ. ಈಗಾಗಲೇ ಆಯ್ಕೆಯಾದವರಿಗೆ ಅವಧಿ ಮುಗಿಯುವ ತನಕ ಹಣ ಕೊಡುವುದಾಗಿ ಸರಕಾರ ಹೇಳಿತ್ತು. ಆದರೆ 2025ರಲ್ಲಿ ತಿಂಗಳುಗಟ್ಟಲೆ ಹಣ ಬಾರದೆ ಸಂಶೋಧಕರು ಸಚಿವಾಲಯಕ್ಕೆ ಮನವಿ ಮಾಡಿಕೊಳ್ಳಬೇಕಾಯಿತು. ಕೊಟ್ಟ ಮಾತನ್ನೂ ಸಕಾಲದಲ್ಲಿ ಪಾಲಿಸದಿರುವುದು ಬರೀ ಆಡಳಿತದ ವಿಳಂಬವಲ್ಲ. ಬಾಡಿಗೆ ಕಟ್ಟಲಾಗದ ಸಂಶೋಧಕ ಪ್ರಯೋಗಾಲಯವನ್ನು ತೊರೆದು ಟ್ಯೂಷನ್ ಹುಡುಕುತ್ತಾನೆ. ಅಲ್ಲಿಗೆ ಒಂದು ಸಂಶೋಧನೆ ಸದ್ದಿಲ್ಲದೆ ಸಾಯುತ್ತದೆ.

ಆದರೆ ಸರಕಾರವನ್ನು ಪ್ರಶ್ನಿಸಿ ಲೇಖನಿ ಕೆಳಗಿಡುವುದು ಸುಲಭ. ಮುಚ್ಚಿದ ಬಾಗಿಲಿನ ಬಗ್ಗೆ ಮಾತಾಡುವವರು, ತೆರೆದಿದ್ದಾಗ ಅದನ್ನು ತಟ್ಟಿದವರೆಷ್ಟು ಎಂದೂ ಕೇಳಿಕೊಳ್ಳಬೇಕು. 2006ರ ಸಾಚಾರ್ ವರದಿಯ ಪ್ರಕಾರ, ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ತರಗತಿಯ 25 ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರ ತರಗತಿಯ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್. 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಪಾಲು ಶೇ. 4.6, ಹಿಂದಿನ ವರ್ಷಕ್ಕಿಂತ ಸಂಖ್ಯೆ ಶೇ. 8ರಷ್ಟು ಕುಸಿದಿತ್ತು. 2011ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ಸಮುದಾಯದ ಪಾಲು ಶೇ. 14.2. ಈ ಅಂತರಕ್ಕೆ ಬಡತನ ದೊಡ್ಡ ಕಾರಣ, ನಿಜ. ಆದರೆ ಹಣವಿರುವ ಮನೆಗಳಲ್ಲೂ ಮೂಲ ವಿಜ್ಞಾನಕ್ಕೆ ಜಾಗವಿಲ್ಲವೆಂಬುದು ಅಷ್ಟೇ ನಿಜ. ಅಂಕ ಹೆಚ್ಚು ಬಂದರೆ ವೈದ್ಯಕೀಯ, ಇಲ್ಲವಾದರೆ ಎಂಜಿನಿಯರಿಂಗ್, ಅದೂ ಇಲ್ಲವಾದರೆ ಗಲ್ಫ್ ಎಂಬ ಮೂರು ಮೆಟ್ಟಿಲುಗಳಲ್ಲಿ ಭೌತಶಾಸ್ತ್ರದ ಬಿಎಸ್ಸಿಗೆ ಯಾವ ಮೆಟ್ಟಿಲೂ ಇಲ್ಲ. ಸಂಘಟನೆಗಳ ವಿದ್ಯಾರ್ಥಿವೇತನಗಳೂ ಹೆಚ್ಚಾಗಿ ಪಿಯುಸಿ ಮತ್ತು ವೃತ್ತಿ ಶಿಕ್ಷಣಕ್ಕೆ ನಿಂತುಬಿಡುತ್ತವೆ. ಸನ್ಮಾನ ಸಮಾರಂಭದಲ್ಲಿ ಶಾಲು ಹೊದೆಸಿದ ಹುಡುಗಿ ಮೂರು ವರ್ಷಗಳ ಬಳಿಕ ಎಲ್ಲಿದ್ದಾಳೆಂದು ಕೇಳುವವರು ಯಾರು?

ಅಬ್ದುಲ್ ಕಲಾಮ್‌ರ ಭಾವಚಿತ್ರವಿಲ್ಲದ ಮುಸ್ಲಿಮ್ ಶಾಲೆ ವಿರಳ. ಭೌತಶಾಸ್ತ್ರದ ಪದವಿ ಪಡೆದ ಕಲಾಮ್ ಮದ್ರಾಸಿನ ತಾಂತ್ರಿಕ ಸಂಸ್ಥೆಯಲ್ಲಿ ಸೀಟು ಸಿಕ್ಕಾಗ ಕಟ್ಟಬೇಕಾಗಿದ್ದ ಶುಲ್ಕ ಸುಮಾರು ಸಾವಿರ ರೂಪಾಯಿ. ತಂದೆಯ ಬಳಿ ಅಷ್ಟಿರಲಿಲ್ಲ. ಸಹೋದರಿ ಝೊಹ್ರಾ ತನ್ನ ಚಿನ್ನದ ಬಳೆ ಮತ್ತು ಸರವನ್ನು ಅಡವಿಟ್ಟು ಹಣ ಹೊಂದಿಸಿದರು. ಈ ಪ್ರಸಂಗವನ್ನು ಭಾಷಣಗಳಲ್ಲಿ ತ್ಯಾಗದ ಮಾದರಿಯೆಂದು ಹೇಳಲಾಗುತ್ತದೆ. ಅದು ತ್ಯಾಗವೇ, ಸಂದೇಹವಿಲ್ಲ. ಆದರೆ ಅದು ಒಂದು ಎಚ್ಚರಿಕೆಯೂ ಹೌದು. ಪ್ರತಿ ಪ್ರತಿಭೆಗೂ ಒಬ್ಬ ಝೊಹ್ರಾ ಇರುವುದಿಲ್ಲ; ಇದ್ದರೂ ಅವಳ ಕೈಯಲ್ಲಿ ಬಳೆ ಇರುವುದಿಲ್ಲ. ಒಂದು ಸಮುದಾಯದ ವಿಜ್ಞಾನದ ಭವಿಷ್ಯವನ್ನು ಸಹೋದರಿಯರ ಬಳೆಗಳ ಮೇಲೆ ನಿಲ್ಲಿಸಬಾರದು.

ಭಾಷಣಗಳಲ್ಲಿ ಕೇಳಿಬರುವ ಇನ್ನೊಂದು ಮಾತು, ಮುಸ್ಲಿಮ್ ಖಗೋಳ ವಿಜ್ಞಾನಿಗಳ ಗತವೈಭವ. ಬೈರೂನಿ, ಇಬ್ನುಲ್ ಹೈಸಮ್, ಉಲುಗ್ ಬೇಗ್ ಎಂದು ಹೆಸರುಗಳನ್ನು ಪಟ್ಟಿ ಮಾಡಲಾಗುತ್ತದೆ. ಆದರೆ ಅವರ ಕೆಲಸಕ್ಕೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುವುದಿಲ್ಲ. 1259ರಲ್ಲಿ ಆರಂಭವಾದ ಮರಾಘಾ ವೀಕ್ಷಣಾಲಯಕ್ಕೆ ಅದರ ಮುಖ್ಯಸ್ಥ ನಸೀರುದ್ದೀನ್ ತೂಸಿ ಹಣ ಒದಗಿಸಿದ್ದು ವಕ್ಫ್ ಆದಾಯದಿಂದ. ಹದಿನಾಲ್ಕನೇ ಶತಮಾನದಲ್ಲಿ ಗ್ರಹಗಳ ಚಲನೆಗೆ ಹೊಸ ಮಾದರಿ ರೂಪಿಸಿದ ಇಬ್ನು ಶಾತಿರ್ ಡಮಸ್ಕಸ್‌ನ ಉಮವಿ ಮಸೀದಿಯಲ್ಲಿ ಸಮಯ ನಿರ್ಣಯಿಸುವ ಮುವಕ್ಕಿತ್ ಆಗಿದ್ದರು. ಅಂದರೆ, ಮಸೀದಿಯ ಹುದ್ದೆಯೊಂದು ಖಗೋಳ ವಿಜ್ಞಾನಿಗೆ ಬದುಕು ಕೊಟ್ಟಿತ್ತು. ಆ ವೈಭವದ ಹಿಂದೆ ನಿಯಮಿತವಾಗಿ ಕೈಸೇರುವ ಶಿಷ್ಯವೇತನವಿತ್ತು. ಹೆಸರುಗಳನ್ನು ನೆನಪಿಟ್ಟು ವ್ಯವಸ್ಥೆಯನ್ನು ಮರೆತರೆ ಇತಿಹಾಸದಿಂದ ಪ್ರಯೋಜನವೇನು?

ಇಂದಿಗೆ ಅನ್ವಯಿಸಿ ಒಂದು ಲೆಕ್ಕ ಹಾಕೋಣ. ಜೆಆರ್‌ಎಫ್ ದರದಲ್ಲಿ ಒಬ್ಬ ಸಂಶೋಧಕನಿಗೆ ಮೊದಲ ಎರಡು ವರ್ಷಕ್ಕೆ 8,88,000 ರೂ., ಮುಂದಿನ ಮೂರು ವರ್ಷಕ್ಕೆ 15,12,000 ರೂ. ಒಟ್ಟು 24 ಲಕ್ಷ. ಊರಿನ ಸಭಾಂಗಣಗಳಲ್ಲಿ ಒಂದೇ ಸಂಜೆ ಇಷ್ಟನ್ನು ಕರಗಿಸುವ ಮದುವೆಗಳನ್ನು ನಾವೆಲ್ಲ ಉಂಡು ಬಂದವರೇ. ಅಂಥ ಒಂದು ಮದುವೆಯ ಬೆಲೆಗೆ ಈ ಸಮಾಜಕ್ಕೆ ಒಬ್ಬ ಭೌತವಿಜ್ಞಾನಿ ಸಿಗುತ್ತಾನೆ. ಝಕಾತ್ ಯಾವ ಬಾಬ್ತಿಗೆ ಸಲ್ಲಬೇಕೆಂಬುದನ್ನು ವಿದ್ವಾಂಸರು ಹೇಳಲಿ. ಆದರೆ ಐಚ್ಛಿಕ ದಾನಕ್ಕೆ, ಟ್ರಸ್ಟುಗಳ ಹಣಕ್ಕೆ ಯಾವ ಅಡ್ಡಿಯೂ ಇಲ್ಲ.

ಎಲ್ಲರೂ ಪೂರ್ಣ ಫೆಲೋಶಿಪ್ ಕೊಡಬೇಕೆಂದಿಲ್ಲ. ಸೋರುವಿಕೆ ಇರುವುದು ಬಿಎಸ್ಸಿ ಮತ್ತು ಪಿಎಚ್‌ಡಿಯ ನಡುವಿನ ವರ್ಷಗಳಲ್ಲಿ. ಹನ್ನೆರಡನೆಯ ತರಗತಿಯಲ್ಲಿ ಅತ್ಯುನ್ನತ ಅಂಕ ಗಳಿಸಿ ಮೂಲ ವಿಜ್ಞಾನ ಓದುವವರಿಗೆ ಕೇಂದ್ರದ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂ. ವರೆಗೆ ನೆರವಿದೆ, ಅರ್ಜಿ ತುಂಬಿಸಲು ಕಾಲೇಜಿನಲ್ಲಿ ಒಬ್ಬರು ಕುಳಿತರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಅಕಾಡೆಮಿಗಳೊಂದಿಗೆ ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ನಡೆಸಿಕೊಂಡು ಬಂದಿದೆ. ನೆಟ್, ಗೇಟ್, ಜೆಸ್ಟ್ ಪರೀಕ್ಷೆಗಳಿಗೆ ಒಂದು ವರ್ಷ ಕುಳಿತು ಓದಲು ಪುಸ್ತಕ, ಹಾಸ್ಟೆಲ್, ಪರೀಕ್ಷಾ ಶುಲ್ಕ ಒದಗಿಸುವುದು ಒಂದು ಮಧ್ಯಮ ಗಾತ್ರದ ಜಮಾಅತ್‌ಗೂ ಸಾಧ್ಯ. ಸರಕಾರದ ಹಣ ತಡವಾದಾಗ ಕೆಲವು ತಿಂಗಳಿಗೆ ಬಡ್ಡಿರಹಿತ ಸಾಲ ನೀಡಿದರೆ ಎಷ್ಟೋ ಸಂಶೋಧನೆಗಳು ಉಳಿಯುತ್ತವೆ. ಇಂಥ ನಿಧಿಗಳು ಧರ್ಮ ನೋಡದೆ ಬಡ ವಿದ್ಯಾರ್ಥಿಗೆ ತೆರೆದಿರಲಿ. ಪಡೆಯುವ ಕೈಯಾಗಿ ಮಾತ್ರ ಗುರುತಿಸಿಕೊಳ್ಳುವುದು ಸಮುದಾಯಕ್ಕೆ ಭೂಷಣವಲ್ಲ.

2023ರ ಸೆಪ್ಟೆಂಬರ್ 2ರಂದು ಸೂರ್ಯನ ಅಧ್ಯಯನಕ್ಕೆ ಹೊರಟ ಆದಿತ್ಯ-ಎಲ್1 ನೌಕೆಯ ಯೋಜನಾ ನಿರ್ದೇಶಕಿ ನಿಗಾರ್ ಶಾಜಿ, ತಮಿಳುನಾಡಿನ ಸೆಂಗೋಟ್ಟೈಯ ಸರಕಾರಿ ಶಾಲೆಯಲ್ಲಿ ಓದಿದ ರೈತನ ಮಗಳು. ಅದರ ಪ್ರಮುಖ ಉಪಕರಣ ಸಿದ್ಧವಾದದ್ದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ, ಖಭೌತ ಸಂಸ್ಥೆಯ ಆವರಣದಲ್ಲಿ. ಗೌರಿಬಿದನೂರಿನ ಬಯಲಿನಲ್ಲಿ ರೇಡಿಯೋ ದೂರದರ್ಶಕಗಳು ದಶಕಗಳಿಂದ ಆಕಾಶಕ್ಕೆ ಕಿವಿಗೊಟ್ಟಿವೆ. ಇವೆಲ್ಲ ನಮ್ಮ ಊರುಗಳಿಂದ ಒಂದು ಬಸ್ಸಿನ ದೂರದಲ್ಲಿವೆ. ಅಲ್ಲಿಗೆ ಹೋಗಲು ಮಕ್ಕಳಲ್ಲಿ ಬುದ್ಧಿಗೆ ಕೊರತೆಯಿಲ್ಲ. ಕೊರತೆ ಇರುವುದು ಐದು ವರ್ಷದ ಅನ್ನಕ್ಕೆ. ಅದನ್ನು ಕೊಡುವುದು ಸರಕಾರದ ಕರ್ತವ್ಯ. ಸರಕಾರ ಆ ಕರ್ತವ್ಯವನ್ನು ನೆನಪಿಸಿಕೊಳ್ಳುವವರೆಗೆ ಆ ಮಕ್ಕಳನ್ನು ಹಿಡಿದು ನಿಲ್ಲಿಸುವುದು ಸಮುದಾಯದ ಕರ್ತವ್ಯ. ಒಂದನ್ನು ಹೇಳಿ ಇನ್ನೊಂದರಿಂದ ನುಣುಚಿಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇಲ್ಲ.